ಹದಿನೇಳರ ಮಗ್ಗಿ ಹೇಳಲು ಆಗುತ್ತದೆಯೇ?

ಕಳೆದ ವರ್ಷ ಜನವರಿಯಲ್ಲಿ ಅಪ್ಪ ಗದಗದಿಂದ ಪುಣೆಗೆ ಬಂದಿದ್ದರು. ಒಂದು ತಿಂಗಳು ಮೊಮ್ಮಗಳ ಜೊತೆ ಇದ್ದು, ಶಿವರಾತ್ರಿ ಹೊತ್ತಿಗೆ ವಾಪಸ್ ಹೋಗುವುದು ಅಂತ ಮಾತಾಗಿತ್ತು. ಹೈಸ್ಕೂಲಿನಲ್ಲಿ 32 ವರ್ಷ ಗಣಿತ ಕಲಿಸಿ ನಿವೃತ್ತರಾದವರು ಅವರು. ಆಗ ವಯಸ್ಸು 66. ಊರಲ್ಲಿದ್ದರೆ ದಿನಾ ನಸುಕಿನಲ್ಲಿ ಭೀಷ್ಮ ಕೆರೆ ಕಡೆ ಒಂದು ಸುತ್ತು ಹಾಕಿ, ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿ, ಹಾಲಿನ ಪಾಕೀಟು ಹಿಡಿದು ಮನೆಗೆ ಬರುತ್ತಾರೆ. ಪುಣೆಯ ವಾಕಡ್‌ನಲ್ಲಿ ನಮ್ಮ ಸೊಸೈಟಿಯ ಗೇಟು ದಾಟಿದರೆ ಎದುರಾಗುವುದು ಹಿಂಜವಡಿ ಕಡೆ ಹೋಗುವ ವಾಹನಗಳ ಸಾಲು. ಎರಡು ದಿನ ಹೋಗಿ ಬಂದವರು ಮೂರನೇ ದಿನ ‘ಆ ಹೊಗಿ ಕುಡಿಯಾಕ ನಾ ಇಷ್ಟ ದೂರ ಬರಬೇಕಾಗಿತ್ತೇನು?’ ಅಂದರು.

ನಾನು ಕಳೆದ ನಾಲ್ಕು ವರ್ಷದಿಂದ ವ್ಯಾಯಾಮ ಮಾಡುವುದು ಮನೆಯಲ್ಲೇ. ಸಂಜೆ ಏಳರಿಂದ ಹತ್ತರವರೆಗೆ ಅಮೆರಿಕದವರ ಜೊತೆ ಕಾಲ್‌ಗಳಿರುವವನಿಗೆ ಜಿಮ್ಮಿನ ಸಮಯ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆ ಹೊರಗೆ ಓಡಲು ಬಿಡುವುದಿಲ್ಲ. ಹಾಲ್‌ನಲ್ಲಿ ಜಮಖಾನ ಹಾಸಿ ನಿಂತಲ್ಲೇ ಓಟ, ಸ್ಟೂಲ್ ಹತ್ತಿ ಇಳಿಯುವುದು, ಕೆಳಗೆ ಪಾರ್ಕಿಂಗಿನಲ್ಲಿ ಸ್ಕಿಪ್ಪಿಂಗ್. ಕೈಗೊಂದು ಸ್ಮಾರ್ಟ್‌ವಾಚು. ಅದನ್ನೇ ಅಪ್ಪನಿಗೂ ಹೇಳಿದೆ. ಮನೆಯಲ್ಲೇ ಅರ್ಧ ಗಂಟೆ ಮಾರ್ಚ್ ಮಾಡಿ, ಬೇಜಾರಾದರೆ ನಮ್ಮ ಕಟ್ಟಡದ ಮೆಟ್ಟಿಲು ಇವೆಯಲ್ಲ. ನನ್ನ ಹಳೆಯ ವಾಚನ್ನು ಚಾರ್ಜ್ ಮಾಡಿ, ವಯಸ್ಸು 66 ಅಂತ ಹಾಕಿ, ಅವರ ಮಣಿಕಟ್ಟಿಗೆ ಕಟ್ಟಿದೆ. ಅದರಲ್ಲಿ ಹೃದಯದ ಬಡಿತಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಬೂದು ಅಂದರೆ ಸುಮ್ಮನಿದ್ದೀರಿ, ನೀಲಿ ಅಂದರೆ ಹಗುರ, ಹಸಿರು ಅಂದರೆ ಸರಿಯಾದ ಶ್ರಮ, ಕೇಸರಿ ಅಂದರೆ ಜಾಸ್ತಿ. ‘ಹಸಿರು ಬಂದ್ರ ಸಾಕು ಅಪ್ಪಾ’ ಅಂದೆ. ಲೆಕ್ಕದ ಮಾಸ್ತರರಿಗೆ ಇಂಥ ಕರಾರುವಾಕ್ಕು ಮಾತು ಇಷ್ಟ.

ಐದನೆಯ ದಿನ ಬೆಳಿಗ್ಗೆ ಮೆಟ್ಟಿಲ ಕಡೆ ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ಮಗಳು ಓಡಿಬಂದು ‘ಅಜ್ಜ ಮೆಟ್ಟಿಲ ಮ್ಯಾಲೆ ಕೂತಾನ’ ಅಂದಳು. ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಗೋಡೆಗೆ ಒರಗಿ ಕೂತಿದ್ದರು. ಮುಖದಲ್ಲಿ ರಕ್ತವಿಲ್ಲ, ಹಣೆಯ ಮೇಲೆ ತಣ್ಣನೆಯ ಬೆವರು. ಏನಾಯ್ತು ಅಂತ ಕೇಳಿದರೆ ಉತ್ತರ ಹೇಳುವಷ್ಟು ಉಸಿರು ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಣಿಕಟ್ಟು ಎತ್ತಿ ತೋರಿಸಿ, ‘ತಮ್ಮಾ, ಮೂರು ಸಲ ಹತ್ತಿ ಇಳಿದ್ನಿ. ಇದು ಹಸಿರಾಗವಲ್ದು’ ಅಂದರು.

ವಾಚಿನಲ್ಲಿ 94 ಅಂತ ಇತ್ತು. ನೀಲಿ ಬಣ್ಣ. ಹಗುರ ಶ್ರಮ.

ಆಸ್ಪತ್ರೆಯಲ್ಲಿ ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಯಿತು. ದೇವರ ದಯೆ, ಹೃದಯಕ್ಕೆ ಏನೂ ಆಗಿರಲಿಲ್ಲ. ಡಾಕ್ಟರರು ಮೊದಲು ಕೇಳಿದ್ದು ‘ಯಾವ ಗುಳಿಗೆ ತಗೊಳ್ತೀರಿ?’ ಅಂತ. ಬಿ.ಪಿ.ಗೆ ಅಪ್ಪ ಆರು ವರ್ಷದಿಂದ ತೆಗೆದುಕೊಳ್ಳುವ ಗುಳಿಗೆಗಳಲ್ಲಿ ಒಂದು ಬೀಟಾ ಬ್ಲಾಕರ್ ಗುಂಪಿನದು. ಹೃದಯ ಜೋರಾಗಿ ಬಡಿಯದಂತೆ ತಡೆಯುವುದೇ ಆ ಗುಳಿಗೆಯ ಕೆಲಸ. ಅಡ್ರಿನಲಿನ್ ಹೇಳುವ ‘ಓಡು’ ಎಂಬ ಮಾತು ಹೃದಯಕ್ಕೆ ಪೂರ್ತಿ ಕೇಳಿಸದಂತೆ ಅದು ಮಾಡುತ್ತದೆ. ಹಾಗಾಗಿ ಅಪ್ಪ ಎಷ್ಟೇ ಮೆಟ್ಟಿಲು ಹತ್ತಿದರೂ ಬಡಿತ ವಾಚು ಬಯಸಿದ ಮಟ್ಟಕ್ಕೆ ಏರುವುದೇ ಇಲ್ಲ. ಅವರು ಹಸಿರು ಬಣ್ಣಕ್ಕಾಗಿ ವೇಗ ಹೆಚ್ಚಿಸುತ್ತ ಹೋದರು. ಗುಳಿಗೆ ಅದನ್ನು ತಡೆಯುತ್ತ ಹೋಯಿತು. ಕೊನೆಗೆ ಏಕ್‌ದಮ್ ನಿಂತಾಗ ರಕ್ತ ಕಾಲಿನಲ್ಲೇ ಉಳಿದು, ಒತ್ತಡ ಇಳಿದು, ಕಣ್ಣಿಗೆ ಕತ್ತಲೆ ಬಂತು. ಡಾಕ್ಟರರು ಎರಡು ಮಾತು ಹೇಳಿದರು. ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ವಾಚು ನೋಡಿ ವ್ಯಾಯಾಮ ಮಾಡಬೇಡಿ.

ಮನೆಗೆ ಬರುವ ದಾರಿಯಲ್ಲಿ ನಾನು ಮಾತಾಡಲಿಲ್ಲ. ಕಾರಣ, ಈ ತಪ್ಪು ನನಗೆ ಹೊಸದಲ್ಲ. ನನ್ನ ಹೊಟ್ಟೆಪಾಡೇ ಮಾನಿಟರಿಂಗ್. ಕಂಪನಿಯ ಸರ್ವರ್‌ಗಳು ಎಷ್ಟು ದಣಿದಿವೆ ಎಂದು ಅಳೆಯುವುದು, ಮಿತಿ ದಾಟಿದರೆ ಅಲಾರಂ ಹೊಡೆಯುವ ಹಾಗೆ ಮಾಡುವುದು. ಈ ಕೆಲಸದಲ್ಲಿ ಹೊಸಬರಿಗೆ ನಾನೇ ಹೇಳಿಕೊಡುವ ಒಂದು ಪಾಠವಿದೆ. ಸಿಪಿಯುಗೆ ಹೊರಗಿನಿಂದ ಮಿತಿ ಹಾಕಿದ್ದರೆ ಯಂತ್ರದ ಗ್ರಾಫು ಯಾವಾಗಲೂ ಶೇ 50ರಷ್ಟೇ ತೋರಿಸುತ್ತದೆ. ಗ್ರಾಫು ಹಸಿರು, ಗ್ರಾಹಕರ ಕೆಲಸ ಮಾತ್ರ ಮುಗಿಯುತ್ತಿಲ್ಲ. ಆಗ ಗ್ರಾಫನ್ನು ನಂಬಬೇಡಿ, ಗ್ರಾಹಕರ ದೂರನ್ನು ಕೇಳಿ ಅಂತ. ಎಂ.ಟೆಕ್ ಮಾಡಿ, ಹನ್ನೆರಡು ವರ್ಷ ಇದೇ ಕೆಲಸ ಮಾಡಿದವನು ನನ್ನ ಸ್ವಂತ ಅಪ್ಪನ ವಿಷಯದಲ್ಲಿ ಡಿಫಾಲ್ಟ್ ಸೆಟ್ಟಿಂಗ್ ಒತ್ತಿ ಸುಮ್ಮನಾಗಿದ್ದೆ. ವಾಚು ಕೇಳಿದ್ದು ವಯಸ್ಸು, ಎತ್ತರ, ತೂಕ. ಯಾವ ಗುಳಿಗೆ ಎಂದು ಅದು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಆ ಹಸಿರು ಬಣ್ಣದ ಮೂಲ ಹುಡುಕುತ್ತ ಹೋದೆ. ಎಲ್ಲರಿಗೂ ಗೊತ್ತಿರುವ ಸೂತ್ರವೇ ಅದು. 220ರಿಂದ ವಯಸ್ಸು ಕಳೆದರೆ ನಿಮ್ಮ ಹೃದಯದ ಗರಿಷ್ಠ ಬಡಿತ. ಅದರ ಶೇ 64ರಿಂದ 76 ಮಧ್ಯಮ ಶ್ರಮ, ಅದಕ್ಕಿಂತ ಮೇಲೆ ತೀವ್ರ ಶ್ರಮ. ಅಪ್ಪನಿಗೆ 220 ಕಳೆ 66, ಅಂದರೆ 154. ಹಸಿರು ಪಟ್ಟಿ 99ರಿಂದ 117. ಜಿಮ್ಮಿನ ಗೋಡೆಯ ಮೇಲೆ, ಟ್ರೆಡ್‌ಮಿಲ್ಲಿನ ಮೇಲೆ, ಮೊಬೈಲಿನ ಆ್ಯಪಿನಲ್ಲಿ ಇದೇ ಸೂತ್ರ ಕೂತಿರುತ್ತದೆ. ಅದು ಯಾವುದೋ ಪ್ರಯೋಗಾಲಯದಲ್ಲಿ ಸಾವಿರಾರು ಜನರನ್ನು ಓಡಿಸಿ ಕಂಡುಹಿಡಿದ ನಿಯಮ ಎಂದುಕೊಂಡಿದ್ದೆ. ಹಾಗಲ್ಲ. 1971ರಲ್ಲಿ ಫಾಕ್ಸ್, ನಾಟನ್, ಹ್ಯಾಸ್ಕೆಲ್ ಎಂಬ ಮೂವರು ಅಮೆರಿಕನ್ ವೈದ್ಯ-ವಿಜ್ಞಾನಿಗಳು ವ್ಯಾಯಾಮ ಮತ್ತು ಹೃದ್ರೋಗದ ಬಗ್ಗೆ ಬರೆದ ಲೇಖನದಲ್ಲಿ, ಅದುವರೆಗೆ ಬೇರೆಯವರು ಮಾಡಿದ್ದ ಕೆಲವು ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ನೋಡಿ ಅಂದಾಜಿನಿಂದ ಎಳೆದ ಗೆರೆ ಅದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು 351 ಅಧ್ಯಯನಗಳ 18,712 ಜನರ ಲೆಕ್ಕ ತೆಗೆದು, 208ರಿಂದ ವಯಸ್ಸಿನ ಶೇ 70 ಭಾಗ ಕಳೆಯಿರಿ ಎಂದರು. ಆ ಪ್ರಕಾರ ಅಪ್ಪನ ಗರಿಷ್ಠ ಬಡಿತ 162. ಒಂದೇ ಮನುಷ್ಯ, ಎರಡು ಸೂತ್ರ, ಎಂಟು ಬಡಿತದ ವ್ಯತ್ಯಾಸ. ಗುಳಿಗೆಯ ಲೆಕ್ಕ ಇನ್ನೂ ಹಿಡಿದಿಲ್ಲ.

ಅಪ್ಪನಿಗೆ ಇದನ್ನು ಹೇಳಿದೆ. ಮಾಸ್ತರರು ತಕ್ಷಣ ಹಿಡಿದರು. ‘ಸರಾಸರಿ ಅಂದ್ರ ಅದು ಕ್ಲಾಸಿನ ಲೆಕ್ಕ ತಮ್ಮಾ. ಒಬ್ಬೊಬ್ಬ ಹುಡುಗಂದಲ್ಲ’ ಅಂದರು. ಎಷ್ಟು ಸರಿಯಾದ ಮಾತು. ಒಂದೇ ವಯಸ್ಸಿನ ಆರೋಗ್ಯವಂತರಲ್ಲೂ ನಿಜವಾದ ಗರಿಷ್ಠ ಬಡಿತ ಸೂತ್ರ ಹೇಳಿದ್ದಕ್ಕಿಂತ ಹತ್ತು ಹನ್ನೆರಡು ಆಚೀಚೆ ಇರುವುದು ಮಾಮೂಲು. ಮೂವರಲ್ಲಿ ಒಬ್ಬರು ಅದಕ್ಕಿಂತಲೂ ದೂರ ಇರುತ್ತಾರೆ. ಇಡೀ ಊರಿನ ಆರೋಗ್ಯ ಅಂದಾಜು ಮಾಡಲು ಇಂಥ ಸೂತ್ರ ಸಾಕು. ಎರಡನೇ ಮಹಡಿಯಲ್ಲಿ ಉಸಿರು ಕಟ್ಟಿ ನಿಂತ ಒಬ್ಬ ಮನುಷ್ಯನಿಗೆ ‘ಇನ್ನೂ ಸಾಲದು’ ಎನ್ನಲು ಅದಕ್ಕೆ ಅಧಿಕಾರವಿಲ್ಲ.

ಇದು ವಯಸ್ಸಾದವರ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಬೀಟಾ ಬ್ಲಾಕರನ್ನು ಮೈಗ್ರೇನಿಗೂ ಕೈನಡುಕಕ್ಕೂ ಕೊಡುತ್ತಾರೆ. ನನ್ನ ಟೀಮಿನಲ್ಲೇ ಮೂವತ್ತೊಂದರ ಒಬ್ಬಳು ತಲೆನೋವಿಗೆ ಅದನ್ನು ತೆಗೆದುಕೊಳ್ಳುತ್ತಾಳೆ ಎಂದು ಈ ಘಟನೆ ಹೇಳಿದ ಮೇಲಷ್ಟೇ ಗೊತ್ತಾಯಿತು. ‘ಅದಕ್ಕೇ ಏನೋ ನನ್ನ ವಾಚು ನನ್ನನ್ನು ಸೋಮಾರಿ ಅಂತಿತ್ತು’ ಎಂದು ನಕ್ಕಳು.

ಗುಳಿಗೆ ಇಲ್ಲದ ನನ್ನ ಕಥೆಯೂ ಬೇರೆ ರೀತಿ ಕೆಟ್ಟದ್ದೇ. ಸ್ಕಿಪ್ಪಿಂಗ್ ಮಾಡುವಾಗ ನನ್ನ ವಾಚು ಸದಾ 130ರ ಆಸುಪಾಸು ತೋರಿಸುತ್ತಿತ್ತು. ಎಷ್ಟು ಚೆನ್ನಾಗಿ ಸ್ಥಿರವಾಗಿದೆ, ನನ್ನ ಸ್ಟ್ಯಾಮಿನಾ ಸುಧಾರಿಸಿತು ಎಂದು ಬೀಗಿದ್ದೆ. ಅಪ್ಪನ ಪ್ರಕರಣದ ನಂತರ ಅನುಮಾನ ಹುಟ್ಟಿ, ಒಂದು ದಿನ ಹಗ್ಗ ಬಿಟ್ಟ ಕೂಡಲೇ ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಹತ್ತು ಸೆಕೆಂಡು ಎಣಿಸಿದೆ. 26 ಬಡಿತ. ಆರರಿಂದ ಗುಣಿಸಿದರೆ 156. ಮತ್ತೆ ಆ 130 ಯಾವುದು? ನನ್ನ ಹಗ್ಗದ ಲೆಕ್ಕ! ನಿಮಿಷಕ್ಕೆ ನಾನು ಹಾರುತ್ತಿದ್ದದ್ದು ಹೆಚ್ಚೂಕಮ್ಮಿ ಅಷ್ಟೇ ಸಲ.

ಇದಕ್ಕೆ ಕಾರಣ ಸುಲಭ. ವಾಚಿನ ಬೆನ್ನಿನಲ್ಲಿ ಹಸಿರು ದೀಪ ಮಿನುಗುವುದನ್ನು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತ ಹೆಚ್ಚು ಕಡಿಮೆ ಆಗುತ್ತದೆ, ವಾಪಸ್ ಬರುವ ಬೆಳಕೂ ಏರಿಳಿಯುತ್ತದೆ. ಆ ಏರಿಳಿತ ಎಣಿಸಿದರೆ ಬಡಿತ ಸಿಗುತ್ತದೆ. ಆದರೆ ಕೈ ಕುಲುಕಿದರೂ ಬೆಳಕು ಏರಿಳಿಯುತ್ತದೆ. ಎಂ.ಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದುವಾಗ ಗದ್ದಲವನ್ನು ಸೋಸುವುದು ಹೇಗೆ ಎಂದು ಕಲಿತಿದ್ದೆ. ಗದ್ದಲದ ಲಯ ಬೇರೆ, ಸಿಗ್ನಲ್ಲಿನ ಲಯ ಬೇರೆ ಇದ್ದರೆ ಸೋಸುವುದು ಸುಲಭ. ಇಲ್ಲಿ ಹೃದಯವೂ ನಿಮಿಷಕ್ಕೆ ನೂರು ನೂರೈವತ್ತು, ಹೆಜ್ಜೆಯೂ ನೂರು ನೂರೈವತ್ತು. ಎರಡೂ ಒಂದೇ ಓಣಿಯಲ್ಲಿ ನಡೆಯುವವರು. ಕೈಯ ಚಲನೆ ಅಳೆಯುವ ಇನ್ನೊಂದು ಸೆನ್ಸರ್ ಇಟ್ಟು ಹೆಜ್ಜೆಯ ಪಾಲನ್ನು ಕಳೆಯಲು ವಾಚು ಪ್ರಯತ್ನಿಸುತ್ತದೆ, ಕೆಲವೊಮ್ಮೆ ಸೋತು ಹೆಜ್ಜೆಯನ್ನೇ ಹೃದಯ ಎಂದು ಹಿಡಿದುಕೊಳ್ಳುತ್ತದೆ. ಪಟ್ಟಿ ಸಡಿಲ ಇದ್ದರಂತೂ ಕೇಳಬೇಡಿ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಈ ಗೊಂದಲ ಅಷ್ಟಿಲ್ಲ. ಆದರೆ ಮನೆಯಲ್ಲಿ ಇಪ್ಪತ್ತು ನಿಮಿಷ ಕುಣಿಯಲು ಎದೆಗೆ ಪಟ್ಟಿ ಕಟ್ಟಿಕೊಳ್ಳುವ ಉತ್ಸಾಹ ನನಗಿಲ್ಲ.

ಇನ್ನು ಸೆಕೆ. ಚೆನ್ನೈನಲ್ಲಿರುವ ನನ್ನ ಗೆಳೆಯ ಮೇ ತಿಂಗಳಲ್ಲಿ ಫೋನ್ ಮಾಡಿ, ‘ಅದೇ ಸ್ಟೂಲು, ಅದೇ ವೇಗ, ಹದಿನೈದು ನಿಮಿಷ ಆದಮೇಲೆ ಬಡಿತ ತಾನೇ ಏರ್ತದೆ ಮಾರಾಯ’ ಎಂದು ಗಾಬರಿಯಾಗಿದ್ದ. ಸೆಕೆಯಲ್ಲಿ ಮೈ ತಂಪಾಗಿಸಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಬೆವರಿನಿಂದ ರಕ್ತದ ನೀರಿನಂಶವೂ ಕಡಿಮೆಯಾಗುತ್ತದೆ. ಕೆಲಸ ಅಷ್ಟೇ ಇದ್ದರೂ ಬಡಿತ ಹೆಚ್ಚುತ್ತದೆ. ನಿದ್ದೆಗೆಟ್ಟ ಮರುದಿನವೂ, ಜ್ವರದ ಮುನ್ನಾದಿನವೂ ಹೀಗೇ ಏರುಪೇರು.

ಹಾಗಾದರೆ ಯಾವುದನ್ನು ನಂಬುವುದು? ನನ್ನ ಉತ್ತರ ಕೇಳಿದರೆ ಇಂಜಿನಿಯರ್ ಗೆಳೆಯರು ನಗುತ್ತಾರೆ. ಬಾಯಿಯನ್ನು.

ವೈದ್ಯರು, ವ್ಯಾಯಾಮ ಶಾಸ್ತ್ರದವರು ಇದನ್ನು ‘ಟಾಕ್ ಟೆಸ್ಟ್’ ಎನ್ನುತ್ತಾರೆ. ವ್ಯಾಯಾಮ ಮಾಡುತ್ತ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ನಾಲ್ಕು ಶಬ್ದ ಆಡಿ ಉಸಿರಿಗೆ ನಿಲ್ಲಬೇಕಾದರೆ ಅದು ತೀವ್ರ ಶ್ರಮ. ಆರಾಮಾಗಿ ಹಾಡುತ್ತಿದ್ದೀರಾ, ಹಾಗಾದರೆ ಇನ್ನೂ ಹಗುರ. ಇಷ್ಟೇ. ಇದು ಹಳ್ಳಿ ಮದ್ದಿನಂತೆ ಕೇಳಿಸಿದರೂ ಒಳಗೆ ಗಟ್ಟಿ ಶರೀರಶಾಸ್ತ್ರ ಇದೆ. ಮಾತು ಎಂದರೆ ಉಸಿರನ್ನು ನಿಧಾನವಾಗಿ ಹೊರಬಿಡುವುದು. ಸ್ನಾಯುಗಳ ದುಡಿಮೆ ಒಂದು ಮಟ್ಟ ದಾಟಿದ ಮೇಲೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಜೋರಾಗಿ ತುಂಬುತ್ತದೆ. ಅದನ್ನು ಹೊರಹಾಕಲು ಮೈಗೆ ಬೇಗ ಬೇಗ ಉಸಿರು ಬೇಕು, ಮಾತಿಗೆ ಸಾಲ ಕೊಡಲು ಉಸಿರು ಉಳಿಯುವುದಿಲ್ಲ. ಮಾತು ತುಂಡಾಗುವ ಆ ಘಳಿಗೆಯೇ ಗಡಿ. ಈ ಗಡಿ ಪ್ರತಿಯೊಬ್ಬರ ಮೈಯೊಳಗೇ ಇರುವುದರಿಂದ ವಯಸ್ಸಿನ ಸೂತ್ರ ಬೇಡ. ಗುಳಿಗೆ ಬಡಿತವನ್ನು ಹಿಡಿದಿಟ್ಟರೂ ಏದುಸಿರು ಬಚ್ಚಿಟ್ಟುಕೊಳ್ಳುವುದಿಲ್ಲ. ಅಂದು ಮೆಟ್ಟಿಲ ಮೇಲೆ ಅಪ್ಪನ ವಾಚು ‘ಹಗುರ’ ಎನ್ನುತ್ತಿದ್ದಾಗ ಅವರ ಬಾಯಿಯಿಂದ ಒಂದು ವಾಕ್ಯ ಹೊರಡುತ್ತಿರಲಿಲ್ಲ. ಸರಿಯಾದ ಉತ್ತರ ನಮ್ಮೆದುರೇ ಇತ್ತು.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಇದನ್ನೇ ಇನ್ನೊಂದು ದಾರಿಯಿಂದ ಹಿಡಿದರು. ‘ನಿಮಗೆ ಎಷ್ಟು ಕಷ್ಟ ಅನಿಸುತ್ತಿದೆ’ ಎಂದು ಕೇಳಿ ಅಂಕ ಕೊಡಿಸುವ ಅಳತೆಗೋಲು ಅವರದು. ಅದು ವಿಚಿತ್ರವಾಗಿ 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. 6 ಅಂದರೆ ಏನೂ ಶ್ರಮವಿಲ್ಲ, 13 ಅಂದರೆ ಸ್ವಲ್ಪ ಕಷ್ಟ, 20 ಅಂದರೆ ಇನ್ನಾಗದು. ಪಕ್ಕಕ್ಕೊಂದು ಸೊನ್ನೆ ಸೇರಿಸಿದರೆ ಆರೋಗ್ಯವಂತ ಯುವಕರ ಬಡಿತಕ್ಕೆ ಹತ್ತಿರ ಬರಲಿ ಎಂಬುದು ಆ 6 ಮತ್ತು 20ರ ಗುಟ್ಟು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ವೈದ್ಯರು ಬಡಿತದ ಬದಲು ಈ ಅನಿಸಿಕೆಯ ಅಂಕವನ್ನೇ ನೋಡಲು ಹೇಳುತ್ತಾರೆ. ಅನಿಸಿಕೆಯನ್ನೂ ಅಂಕಿಯಾಗಿ ಗೌರವಿಸಿದ ಬೋರ್ಗ್ ಮೇಲೆ ನನಗೆ ತುಂಬ ಅಭಿಮಾನ. ನನಗೆ ಮಾತ್ರ ಟಾಕ್ ಟೆಸ್ಟೇ ವಾಸಿ. ಅಂಕ ಕೊಡಲು ಹೇಳಿದರೆ ನಮ್ಮಂಥವರು ಸುಳ್ಳು ಹೇಳುತ್ತೇವೆ. ಜೋರು ಹಾಡು ಹಾಕಿಕೊಂಡರೆ ಕಷ್ಟವೂ ಸುಖ ಅನಿಸುತ್ತದೆ. ವ್ಯಾಯಾಮಕ್ಕೆ ಹೊಸಬರಾದರೆ ಸುಖವೂ ಕಷ್ಟ ಅನಿಸುತ್ತದೆ. ಮಾತು ಹಾಗಲ್ಲ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಆದರೆ ಒಬ್ಬನೇ ಹಾಲ್‌ನಲ್ಲಿ ಕುಣಿಯುವವನು ಯಾರ ಜೊತೆ ಮಾತಾಡಬೇಕು? ದಾರಿ ಹುಡುಕಿದ್ದು ಅಪ್ಪ. ಡಾಕ್ಟರರು ಮತ್ತೆ ನಿಧಾನವಾಗಿ ಶುರು ಮಾಡಬಹುದು ಎಂದ ಮೇಲೆ, ಹಾಲ್‌ನಲ್ಲಿ ಮಾರ್ಚ್ ಮಾಡುತ್ತ ಮಗ್ಗಿ ಹೇಳತೊಡಗಿದರು. ಅದೂ ಹದಿನೇಳರದ್ದು. ಎರಡರ ಮಗ್ಗಿ ಆದರೆ ಬಾಯಿಗೆ ತಾನೇ ಬಂದುಬಿಡುತ್ತದೆ, ಇದಕ್ಕೆ ಸ್ವಲ್ಪ ತಲೆ ಬೇಕು, ಲಯವೂ ಬೇಕು ಎಂಬುದು ಅವರ ತರ್ಕ. ‘ಹದಿನೇಳ ಒಂದ್ಲೆ ಹದಿನೇಳು, ಹದಿನೇಳ ಎರಡ್ಲೆ ಮೂವತ್ನಾಲ್ಕು.’ ಒಂದು ಸಾಲು ಒಂದೇ ಉಸಿರಿನಲ್ಲಿ ಬಂದರೆ ಸರಿ. ‘ಹದಿನೇಳ ಮೂರ್ಲೆ’ ಆದಮೇಲೆ ಉಸಿರು ಎಳೆದು ‘ಐವತ್ತೊಂದು’ ಅಂದರೆ ಹೆಜ್ಜೆ ನಿಧಾನ ಮಾಡಬೇಕು. ಇಡೀ ಮಗ್ಗಿಯನ್ನು ಭಜನೆಯ ಧಾಟಿಯಲ್ಲಿ ಎಳೆದು ಹಾಡಲು ಆದರೆ ಮೊಣಕಾಲು ಇನ್ನೊಂಚೂರು ಮೇಲೆತ್ತಬೇಕು. ಕೊನೆಯ ಐದು ನಿಮಿಷ ಮೆಲ್ಲಗೆ ಹೆಜ್ಜೆ ಹಾಕುತ್ತ ಇಳಿಸುವುದು, ಏಕ್‌ದಮ್ ನಿಲ್ಲುವಂತಿಲ್ಲ. ಅಂದು ಬಿದ್ದ ಪೆಟ್ಟಿನಿಂದ ಕಲಿತ ಪಾಠ ಅದು.

ನಾನೂ ಇದನ್ನೇ ಹಿಡಿದಿದ್ದೇನೆ, ಮಗ್ಗಿಯ ಬದಲು ಮರುದಿನದ ಮೀಟಿಂಗಿನಲ್ಲಿ ಹೇಳಬೇಕಾದ್ದನ್ನು ಜೋರಾಗಿ ಹೇಳಿಕೊಳ್ಳುತ್ತೇನೆ. ಕೆಳಮನೆಯ ಮರಾಠಿ ಕಾಕು ಮೊದಲು ನನ್ನ ಕುಣಿತದ ಧಡಧಡಕ್ಕೆ ಮೇಲೆ ಬಂದು ಬೈದು ಹೋಗಿದ್ದರು. ಈಗ ಒಬ್ಬನೇ ಯಾರ ಜೊತೆ ಜಗಳ ಆಡುತ್ತಾನೆ ಎಂದು ನನ್ನ ಹೆಂಡತಿಯನ್ನು ಕೇಳಿದ್ದಾರಂತೆ.

ವಾಚನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಹೆಂಡತಿಯೇ ಬಿಡುವುದಿಲ್ಲ. ‘ರೀ, ಆ ವಾಚು ಕೈಮೇಲೆ ಗುಂಯ್ ಅನ್ನದಿದ್ದರೆ ನೀವು ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ’ ಅನ್ನುತ್ತಾಳೆ. ನಿಜವೇ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ನಿಮಿಷಗಳನ್ನು ಎಣಿಸಲು ವಾಚು ಒಳ್ಳೆಯ ಗುಮಾಸ್ತ. ಬೆಳಿಗ್ಗೆ ಏಳುವಾಗಿನ ಬಡಿತ ತಿಂಗಳಿಂದ ತಿಂಗಳಿಗೆ ಹೇಗಿದೆ ಎಂದು ನೋಡಲು ಒಳ್ಳೆಯ ದಿನಚರಿ. ನಾಲ್ಕು ವರ್ಷದ ಹಿಂದೆ 74 ಇದ್ದ ನನ್ನದು ಈಗ 62. ಸುಮ್ಮನೆ ಮಲಗಿದ್ದಾಗ ಕೈ ಕುಲುಕುವುದಿಲ್ಲವಲ್ಲ, ಆ ಅಂಕಿಯನ್ನು ನಂಬುತ್ತೇನೆ. ನಿನ್ನೆಯ ನನ್ನನ್ನು ಇವತ್ತಿನ ನನ್ನ ಜೊತೆ ಹೋಲಿಸಲು ಅದು ಬೇಕು.

ನನ್ನ ತಕರಾರು ಇರುವುದು ಗುಮಾಸ್ತನನ್ನು ಸಾಹೇಬನ ಕುರ್ಚಿಯಲ್ಲಿ ಕೂರಿಸುವುದಕ್ಕೆ. ನಮ್ಮ ಆಫೀಸುಗಳಲ್ಲಿ ಈಗ ಫಿಟ್‌ನೆಸ್ ಚಾಲೆಂಜ್ ಎಂಬ ಹೊಸ ಹಬ್ಬ ಇದೆ. ಯಾರ ಬಡಿತ ಎಷ್ಟು ನಿಮಿಷ ಕೇಸರಿ ಬಣ್ಣದಲ್ಲಿತ್ತು ಎಂದು ಪಟ್ಟಿ ಹಾಕಿ, ಮೊದಲು ಬಂದವರಿಗೆ ಬಹುಮಾನ. ಇಪ್ಪತ್ತೈದರ ಹುಡುಗನೂ ಐವತ್ತರ ಮ್ಯಾನೇಜರೂ ಒಂದೇ ಪಟ್ಟಿಯಲ್ಲಿ. ಬಿ.ಪಿ. ಗುಳಿಗೆಯ ವಿಷಯ ಯಾರೂ ಬಾಯಿಬಿಡುವುದಿಲ್ಲ, ಆಫೀಸಿನಲ್ಲಿ ಅದನ್ನು ಹೇಳಿಕೊಳ್ಳುವ ಧೈರ್ಯ ಯಾರಿಗಿದೆ? ಪಟ್ಟಿಯಲ್ಲಿ ಕೆಳಗಿದ್ದವರು ಅಪ್ಪನ ಹಾಗೆಯೇ ಬಣ್ಣಕ್ಕಾಗಿ ಓಡುತ್ತಾರೆ. ಇಂಥ ಆ್ಯಪುಗಳನ್ನು ಬರೆಯುವವರು ನಮ್ಮಂಥವರೇ. ವಯಸ್ಸು ಕೇಳುವ ಪುಟದಲ್ಲೇ ‘ಹೃದಯದ ಬಡಿತ ಇಳಿಸುವ ಔಷಧಿ ತೆಗೆದುಕೊಳ್ಳುತ್ತೀರಾ’ ಎಂಬ ಒಂದು ಸಾಲು ಸೇರಿಸಿ, ಹೌದು ಎಂದವರಿಗೆ ಬಣ್ಣದ ಬದಲು ‘ಈಗ ಒಂದು ಪೂರ್ತಿ ವಾಕ್ಯ ಮಾತಾಡಬಲ್ಲಿರಾ’ ಎಂದು ಕೇಳುವುದಕ್ಕೆ ಅರ್ಧ ದಿನದ ಕೋಡಿಂಗ್ ಸಾಕು. ಅಷ್ಟು ಮಾಡದೆ ಹದಿನೈದು ಪುಟದ ಷರತ್ತುಗಳ ಕೊನೆಯಲ್ಲಿ ‘ವೈದ್ಯರನ್ನು ಕೇಳಿ’ ಎಂದು ಬರೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು ನಮ್ಮಂಥ ಊರು ಬಿಟ್ಟವರಿಗೆ. ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿರುವ ನನ್ನ ಕನ್ನಡ ಗೆಳೆಯರಲ್ಲಿ ಎಷ್ಟೋ ಜನ ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಒಂದೊಂದು ವಾಚು ಕೊಂಡು ಕೊಟ್ಟಿದ್ದಾರೆ. ಅವರ ಹೆಜ್ಜೆ, ನಿದ್ದೆ, ಬಡಿತ ಎಲ್ಲ ಇವರ ಮೊಬೈಲಿಗೆ ಬರುತ್ತದೆ. ನಾನೂ ಮಾಡಿದ್ದು ಅದನ್ನೇ. ದೂರ ಇರುವ ಮಗನಿಗೆ ಅದೊಂದು ಸಮಾಧಾನ, ತಪ್ಪಲ್ಲ. ಆದರೆ ಹೆಜ್ಜೆಯ ಸಂಖ್ಯೆ ಬಂದಿದೆ ಎಂದು ಫೋನ್ ಮಾಡದೆ ಬಿಟ್ಟ ಸಂಜೆಗಳು ನನ್ನ ಲೆಕ್ಕದಲ್ಲಿ ಬಹಳ ಇವೆ. ಅಪ್ಪ ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿರದಿದ್ದದ್ದು ಅದರ ಫಲ. ಈಗ ಅವರ ಗುಳಿಗೆಗಳ ಚೀಟಿಯ ಫೋಟೊ ನನ್ನ ಮೊಬೈಲಿನಲ್ಲಿದೆ. ನಡೆಯುವಾಗ ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆ ನೋವು ಬಂದರೆ, ಕಣ್ಣು ಕತ್ತಲಾದರೆ ಅಲ್ಲೇ ನಿಲ್ಲಿಸಿ ಪಕ್ಕದ ಮನೆಯವರನ್ನು ಕರೆಯಬೇಕು ಎಂದು ಅವ್ವನಿಗೂ ಹೇಳಿದ್ದೇನೆ. ಆಗ ಮಗ್ಗಿಯೂ ಬೇಡ, ವಾಚೂ ಬೇಡ.

ಅಪ್ಪ ಶಿವರಾತ್ರಿಗೆ ಗದಗಕ್ಕೆ ವಾಪಸ್ ಹೋದರು. ವಾಚನ್ನು ಇಲ್ಲೇ ಟಿ.ವಿ. ಮೇಜಿನ ಮೇಲೆ ಬಿಟ್ಟು ಹೋದರು, ಮರೆತಿದ್ದಲ್ಲ. ಈಗ ಮಳೆ ಬಂದ ದಿನ ಕೆರೆ ಕಡೆ ಹೋಗಲಾಗದೆ ಪಡಸಾಲೆಯಲ್ಲೇ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾರೆ. ಸಂಜೆ ಆರೂವರೆಗೆ, ನನ್ನ ಕಾಲ್‌ಗಳು ಶುರುವಾಗುವ ಮುಂಚೆ, ಫೋನನ್ನು ಸ್ಪೀಕರಿಗೆ ಹಾಕಿ ಇಟ್ಟುಕೊಳ್ಳುತ್ತೇವೆ. ಮಗಳಿಗೆ ಅವಳ ಶಾಲೆಯಲ್ಲಿ ಕನ್ನಡ ಇಲ್ಲ, ಮಗ್ಗಿ ಮಾತ್ರ ಅಜ್ಜನಿಂದ ಕನ್ನಡದಲ್ಲೇ ಕಲಿಯುತ್ತಿದ್ದಾಳೆ. ಆ ಕಡೆಯಿಂದ ಚಪ್ಪಲಿಯ ಸಪ್ಪಳದ ಜೊತೆ ಒಂದೊಂದೇ ಸಾಲು ಬರುತ್ತದೆ, ಈ ಕಡೆಯಿಂದ ಇವಳು ತಿರುಗಿ ಹೇಳುತ್ತಾಳೆ. ನಾನು ಲ್ಯಾಪ್‌ಟಾಪ್ ತೆರೆಯುತ್ತ ಅವರ ಉಸಿರು ಕೇಳಿಸಿಕೊಳ್ಳುತ್ತಿರುತ್ತೇನೆ.

ಮೊನ್ನೆ ‘ಹದಿನೇಳ ಆರ್ಲೆ’ ಅಂದವರು ಸ್ವಲ್ಪ ತಡೆದರು. ನಾನು ಫೋನಿನ ಕಡೆ ತಿರುಗುವಷ್ಟರಲ್ಲಿ ಮಗಳೇ, ‘ಅಜ್ಜಾ, ಸಾವಕಾಶ ನಡಿ’ ಅಂದಳು. ಆ ಕಡೆ ಚಪ್ಪಲಿಯ ಸಪ್ಪಳ ನಿಧಾನವಾಯಿತು. ‘ನಡದೇನಿ ಬಿಡವಾ. ನೀ ಹೇಳು, ಎಷ್ಟು?’